ಸಿಡಿಲಮರಿ ಮತ್ತು ಗೆರೆಯವರ ಬೊಮ್ಮಿ

ಬಹಳ ಬಹಳ ಹಿಂದೆ, ಮೋಡಗಳು ಬೆಟ್ಟದ ಮೇಲಿಳಿದು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೋಗುತ್ತಿದ್ದ ಕಾಲದಲ್ಲಿ, ಮುಗಿಲಗಿರಿ ಎಂಬ ರಾಜ್ಯವಿತ್ತು. ರಾಜ್ಯದ ತುಂಬ ಬೆಟ್ಟ, ಬೆಟ್ಟದ ತುಂಬ ಕಾಡು, ಕಾಡಿನ ನಡುನಡುವೆ ಹಾಡಿಗಳೆಂಬ ಪುಟ್ಟ ಊರುಗಳು. ಅಲ್ಲೊಂದು ವಿಶೇಷವಿತ್ತು. ಬೇಸಿಗೆಯಲ್ಲಿ ಮಳೆಯಿಲ್ಲದ ಒಣ ಸಿಡಿಲು ಮರಕ್ಕೆ ಬಡಿದರೆ, ಆ ಮರದ ಬುಡದಲ್ಲಿ ಒಂದು ಮರಿ ಹುಟ್ಟುತ್ತಿತ್ತು. ಬೆಕ್ಕಿನಷ್ಟು ಗಾತ್ರ, ಮೈತುಂಬ ಬೆಂಕಿಯ ಕೂದಲು, ಸದಾ ಹಸಿವು. ಬಿದ್ದ ಒಣ ಎಲೆ, ಅಂದರೆ ತರಗು, ಅದರ ಊಟ. ಜನ ಅದನ್ನು ಸಿಡಿಲಮರಿ ಎಂದು ಕರೆಯುತ್ತಿದ್ದರು.

ಸಿಡಿಲಮರಿ ಬಂತೆಂದು ಆಗ ಯಾರೂ ಗಂಟುಮೂಟೆ ಕಟ್ಟುತ್ತಿರಲಿಲ್ಲ. ಗೆರೆಯವರು ಇದ್ದರಲ್ಲ! ಗೆರೆಯವರದು ಒಂದೇ ಕೆಲಸ. ವರ್ಷ ವರ್ಷವೂ ಇಬ್ಬನಿ ದಟ್ಟವಾಗಿ ಬೀಳುವ ದಿನಗಳಲ್ಲಿ, ಬೆಳಗಿನ ತಂಪಿನಲ್ಲಿ, ಹಾಡಿಯ ಸುತ್ತಲಿನ ತರಗನ್ನು ಮೆಲ್ಲಗೆ ಸುಟ್ಟು ಒಂದು ಕಪ್ಪು ಗೆರೆ ಎಳೆಯುವುದು. ಮರಿ ಕಾಡೆಲ್ಲ ಮೇದು ಆ ಗೆರೆಯ ತನಕ ಬರುತ್ತಿತ್ತು, ಮೂಸಿ ನೋಡುತ್ತಿತ್ತು, ತಿನ್ನಲು ಏನೂ ಇಲ್ಲವೆಂದು ತಿರುಗಿ ಹೋಗುತ್ತಿತ್ತು. ಮೂರು ನಾಲ್ಕು ದಿನಕ್ಕೆ ಮೇವು ಮುಗಿದು ಬೂದಿಯಲ್ಲಿ ಮುದುಡಿ ಮಲಗಿಬಿಡುತ್ತಿತ್ತು. ಮೊದಲ ಮಳೆಗೆ ಅಲ್ಲಿ ಎಳೆ ಹುಲ್ಲು ಬಂದು, ಹುಲ್ಲಿಗೆ ಜಿಂಕೆ ಬರುತ್ತಿತ್ತು.

ಹೀಗೇ ನಡೆದಿದ್ದರೆ ನಾನು ಹೇಳಲು ಕತೆಯೇ ಇರುತ್ತಿರಲಿಲ್ಲ. ಹರಿತಸೇನ ಎಂಬ ರಾಜ ಪಟ್ಟಕ್ಕೆ ಬಂದ. ಕೆಟ್ಟವನಲ್ಲ ಪಾಪ, ಹಸಿರೆಂದರೆ ಪ್ರಾಣ. ಅರಮನೆಯ ಉಪ್ಪರಿಗೆಯಿಂದ ನೋಡಿದಾಗ ಬೆಟ್ಟದ ಮೇಲೆ ಒಂದು ಕರಿ ಮಚ್ಚೆ ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಕಂಡುಕೊಂಡವನು ಧೂಮಾಂಗನೆಂಬ ಮಾಂತ್ರಿಕ. ಒಣಗಿದೆಲೆಗಳನ್ನೇ ಹೊಲಿದು ಮಾಡಿದ ನಿಲುವಂಗಿ ತೊಟ್ಟು, ಚರಚರ ಸದ್ದು ಮಾಡುತ್ತ ಅವನು ಆಸ್ಥಾನಕ್ಕೆ ಬಂದ. ಬಂದವನೇ ಕೈಮುಗಿದು, "ಮಹಾಪ್ರಭು, ನಿಮ್ಮ ಬೆಟ್ಟಗಳ ಮುಖಕ್ಕೆ ಮಸಿ ಬಳಿಯುತ್ತಿರುವವರು ಆ ಗೆರೆಯವರು. ಅವರ ಕೈ ಕಟ್ಟಿಹಾಕಿ. ಆಮೇಲೆ ನೋಡಿ ಹಸಿರು!" ಎಂದ.

ರಾಜ ಕುಣಿದಾಡಿಬಿಟ್ಟ. ಕಾಡಿನಲ್ಲಿ ಬೆಂಕಿ ಹಚ್ಚಿದವರ ಬಲಗೈ ಕತ್ತರಿಸತಕ್ಕದ್ದು ಎಂದು ಆಜ್ಞೆ ಹೊರಟಿತು. ಹಾಡಿಹಾಡಿಯಿಂದ ಚಕಮಕಿ ಕಲ್ಲುಗಳನ್ನು ಮೂಟೆ ಕಟ್ಟಿ ಅರಮನೆಗೆ ಸಾಗಿಸಿದರು. ಅಂದಿನಿಂದ ಹಾಡಿಯವರಿಗೆ ಬೆಂಕಿಯೆಂದರೆ ಒಲೆಯಲ್ಲಿ ಮುಚ್ಚಿಟ್ಟ ಕೆಂಡ ಮಾತ್ರ. ಒಬ್ಬರ ಒಲೆ ಆರಿದರೆ ಪಕ್ಕದ ಮನೆಯಿಂದ ತಂದುಕೊಳ್ಳಬೇಕು.

ಹನ್ನೆರಡು ವರ್ಷ ಕಳೆಯಿತು. ಎಲೆ ಉದುರುತ್ತಲೇ ಇತ್ತು, ಸುಡುವವರಿರಲಿಲ್ಲ. ತರಗು ಪಾದ ಮುಚ್ಚಿತು, ಮೊಣಕಾಲು ಮುಟ್ಟಿತು. ಆ ಹನ್ನೆರಡು ವರ್ಷವೂ ಸಿಡಿಲು ಮಳೆಯ ಜೊತೆಗೇ ಬಂತು. ಹಾಗಾಗಿ ಒಂದು ಮರಿಯೂ ಹುಟ್ಟಲಿಲ್ಲ. ಧೂಮಾಂಗ ಮಾತ್ರ ಒಣ ಸಿಡಿಲಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಒಂದು ಮರಿಗೆ ಹನ್ನೆರಡು ವರ್ಷದ ಮೇವು ಒಂದೇ ದಿನ ಸಿಕ್ಕರೆ ಅದು ಬೆಟ್ಟದಷ್ಟು ಬೆಳೆಯುತ್ತದೆ, ಅದರ ಬೆನ್ನೇರಿದವನಿಗೆ ಏಳು ರಾಜ್ಯ ಅಡ್ಡಬೀಳುತ್ತದೆ ಎಂಬುದು ಅವನ ಲೆಕ್ಕಾಚಾರ. ಹಸಿರಿನ ಮೇಲೆ ಅವನಿಗೇನೂ ಪ್ರೀತಿ ಇರಲಿಲ್ಲ.

ಬೆಟ್ಟದ ಬಂಡೆಹಾಡಿಯಲ್ಲಿ ಬೊಮ್ಮಿ ಎಂಬ ಹೆಣ್ಣುಮಗಳಿದ್ದಳು. ಇಪ್ಪತ್ತೆರಡು ವರ್ಷ. ಗೆರೆಯವರ ಮನೆತನದಲ್ಲಿ ಉಳಿದವರೆಂದರೆ ಅವಳು ಮತ್ತು ಅವಳ ಅಕ್ಕ ಕೇತಿ, ಇಬ್ಬರೇ. ಅಪ್ಪ ಸಾಯುವ ಮುಂಚೆ, ಬೆಂಕಿಯನ್ನೇ ಮುಟ್ಟಿಸದೆ ಬೊಮ್ಮಿಗೆ ಬೆಂಕಿಯ ಕೆಲಸವನ್ನೆಲ್ಲ ಬಾಯಲ್ಲೇ ಹೇಳಿಕೊಟ್ಟಿದ್ದ. ಕಲಿತದ್ದನ್ನು ಮಾಡುವ ಹಾಗಿಲ್ಲ, ಮರೆಯುವ ಹಾಗೂ ಇಲ್ಲ. ಅದಕ್ಕೇ ಇರಬೇಕು, ಅವಳಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹಿಟ್ಟು ತಿರುವುತ್ತ ತಿರುವುತ್ತ ಮೂರು ಸಲ ಎದ್ದುಹೋಗಿ ಬೆಟ್ಟದ ನೆತ್ತಿ ನೋಡಿ ಬರುವಳು. ಗಾಳಿ ತಿರುಗಿದರೆ ಮಾತು ಅರ್ಧಕ್ಕೆ ನಿಲ್ಲಿಸುವಳು. "ನಿನ್ನ ಅಂಡಿಗೆ ಇರುವೆ ಕಚ್ತದಾ?" ಎಂದು ಕೇತಿ ಬಯ್ಯುತ್ತಿದ್ದಳು. ಆ ವರ್ಷವಂತೂ ಮಾಗಿಯಲ್ಲೂ ಇಬ್ಬನಿ ಬೀಳಲಿಲ್ಲ, ಬೊಮ್ಮಿಗೆ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಚೈತ್ರದ ಒಂದು ಬೆಳಿಗ್ಗೆ, ಆಕಾಶದಲ್ಲಿ ಹನಿ ನೀರಿಲ್ಲದೆ, ಒಣ ಸಿಡಿಲು ನೆತ್ತಿಯ ಮೇಲಿನ ಹೊನ್ನೆ ಮರಕ್ಕೆ ಬಡಿಯಿತು.

ಮರಿ ಹುಟ್ಟಿತು. ಬೆಕ್ಕಿನಷ್ಟಿದ್ದದ್ದು ಎರಡು ಬಾಯಿ ತರಗು ತಿಂದು ನಾಯಿಯಷ್ಟಾಯಿತು. ನಾಯಿಯಷ್ಟಿದ್ದದ್ದು ಕೋಣವಾಯಿತು. ಬಿಸಿಲು ಏರುವಷ್ಟರಲ್ಲಿ ಆನೆಯಷ್ಟಾಗಿ ಘೀಳಿಟ್ಟಿತು. ಅದರ ಬೆನ್ನ ಮೇಲೆ ಎಲ್ಲಿಂದಲೋ ಹಾರಿ ಬಂದು ಕೂತ ಧೂಮಾಂಗ, ತಾನೇ ಹೆತ್ತವನ ಹಾಗೆ ಬೀಗುತ್ತಿದ್ದ. ಅವನ ಅಂಗಿಯ ಎಲೆಗಳ ಮೇಲೆಲ್ಲ ಮಂತ್ರ ಬರೆದಿತ್ತು, ಅದಕ್ಕೇ ಮೃಗ ಅವನನ್ನು ಸುಡಲಿಲ್ಲ.

ಹಾಡಿಯಲ್ಲಿ ಗದ್ದಲವೆದ್ದಿತು. ಯಜಮಾನ ಜಡೆಯನೆಂಬವನು ಬೀದಿಯುದ್ದಕ್ಕೂ ಓಡಾಡಿ ಕೂಗಿದ: "ಒಲೆ ಆರ್ಸಿ! ಎಲ್ರೂ ಒಲೆ ಆರ್ಸಿ! ಮರಿ ಬಂದದೆ!"

ಅದು ಅವರ ಹಿಂದಿನಿಂದ ಬಂದ ಕಟ್ಟಳೆ. ಸಿಡಿಲಮರಿ ಹುಟ್ಟಿದ ದಿನ ಮನೆಯ ಒಲೆಯಲ್ಲಿ ಬೆಂಕಿ ಇರಬಾರದು. ಇದ್ದರೆ, ತನ್ನ ಬಳಗ ಇಲ್ಲಿದೆಯೆಂದು ಮರಿ ಒಳಗೆ ನುಗ್ಗುತ್ತದಂತೆ. ಎಲ್ಲರೂ ಕೊಡ ಎತ್ತಿ ಒಲೆಗೆ ಸುರಿದರು. ಬೊಮ್ಮಿಯೂ ಅಕ್ಕನ ಮನೆಗೆ ಓಡಿ, ತನ್ನ ಕೈಯಾರೆ ಒಲೆಗೆ ನೀರು ಹೊಯ್ದಳು. ಬಂಡೆಹಾಡಿಯ ಕೆಳಗೆ ಇನ್ನೆರಡು ಹಾಡಿಗಳಿದ್ದವು. ಅಲ್ಲೂ ಹೊಗೆ ನಿಂತಿತು.

ಒಳಗೆ ಕೇತಿ ಮೂರು ದಿನದ ಹಿಂದೆ ಹೆತ್ತ ಕೂಸನ್ನು ಎದೆಗೊತ್ತಿಕೊಂಡು ಮಲಗಿದ್ದಳು. ಗಂಡ ಅರಮನೆಗೆ ಜೇನು ಒಪ್ಪಿಸಲು ಹೋಗಿದ್ದ. ಕಣಿವೆ ದಾಟಲು ಇದ್ದದ್ದು ಬಳ್ಳಿಯ ಸೇತುವೆ, ಒಂದು ಸಲಕ್ಕೆ ಒಬ್ಬರು. ಮುದುಕರು, ಮಕ್ಕಳು ಆಗಲೇ ಅತ್ತ ಹೊರಟಿದ್ದರು.

"ಅಕ್ಕನ್ನ ಬೆನ್ನ ಮ್ಯಾಲೆ ಹೊತ್ಕೊಂಡು ಹೋಗ್ತೀನಿ," ಎಂದಳು ಬೊಮ್ಮಿ.

ಸೂಲಗಿತ್ತಿ ಅಜ್ಜಿ ತಲೆಯಾಡಿಸಿದಳು. "ಎಬ್ಬುಸ್ಬ್ಯಾಡ ಕಣವ್ವ. ನೆತ್ತರು ಇನ್ನೂ ನಿಂತಿಲ್ಲ. ಹೊತ್ಕೊಂಡೋದ್ರೆ ದಾರೀಲೇ ಜೀವ ಹೋಯ್ತದೆ."

ಕೇತಿ ಕೂಸನ್ನು ಮುಂದೆ ಚಾಚಿದಳು. "ಇದನ್ನ ಎತ್ಕೊಂಡು ಹೋಗು ನೀನು. ನಾನು ಇರ್ತೀನಿ."

"ಸುಮ್ನೆ ಮಲಗು," ಎಂದು ಬೊಮ್ಮಿ ಗದರಿದಳು. ಅಕ್ಕನನ್ನು ಬಿಟ್ಟು ಹೋಗುವುದು ಅವಳಿಂದ ಆಗದ ಮಾತು.

ಹೊರಗೆ ಬಂದು ಜಡೆಯನ ದಾರಿಗೆ ಅಡ್ಡ ನಿಂತಳು. "ಯಜಮಾನಪ್ಪ, ಗೆರೆ ತೆಗೀಬೇಕು. ಬಂಡೆಯಿಂದ ತೊರೆತಂಕ ತರಗು ಕೆರೆದು ಬರೀ ಮಣ್ಣು ಮಾಡಿಸು."

"ಆನೆಯಂಥಾದ್ದು ಗೆರೆ ದಾಟಾಕಿಲ್ವಾ?"

"ದಾಟ್ತದೆ. ಅದಕ್ಕೇ ಗೆರೆಯ ಆಚೆ ಬದಿಗೆ ನಾವೇ ಮೊದಲು ಎದುರುಬೆಂಕಿ ಹಚ್ಚಬೇಕು. ಅದು ಬರೋ ಹೊತ್ಗೆ ಅದರ ಊಟ ನಾವೇ ಸುಟ್ಟಿರ್ಬೇಕು."

ಜಡೆಯ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಕೈ ಹೋಯ್ತದೆ ಕಣವ್ವ."

"ನನ್ ಕೈ ತಾನೇ."

"ಆಯ್ತು. ಬೆಂಕಿ ಎಲ್ಲದೆ?"

ಬೊಮ್ಮಿಗೆ ಆಗ ಹೊಳೆಯಿತು. ಮೂರು ಹಾಡಿಯಲ್ಲಿ ಒಂದು ಕೆಂಡವಿಲ್ಲ. ಚಕಮಕಿ ಕಲ್ಲು ಅರಮನೆಯಲ್ಲಿ. ತನ್ನ ಕೈಯಲ್ಲಿನ್ನೂ ಖಾಲಿ ಕೊಡ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಗೆರೆಯವರ ಕಾಲದಲ್ಲಿ ಆ ಕಟ್ಟಳೆಯಿಂದ ಕೇಡಿರಲಿಲ್ಲ; ಹಾಡಿಯ ಒಲೆಗಳು ಆರಿದರೂ ಗೆರೆಯವರ ಕುಡಿಕೆಯಲ್ಲಿ ಒಂದು ಕೆಂಡ ಇದ್ದೇ ಇರುತ್ತಿತ್ತು. ಕುಡಿಕೆಯೊಂದು ಉಳಿದಿತ್ತು, ಕೆಂಡ ಇರಲಿಲ್ಲ.

"ಬೆಂಕಿ ಇರೋದು ಒಂದೇ ಕಡೆ," ಎಂದಳು. "ನೀವು ಮಣ್ಣು ಮಾಡಿ. ನಾನು ತತ್ತೀನಿ."

ಅಪ್ಪನ ಮಣ್ಣಿನ ಕುಡಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬೊಮ್ಮಿ ಬೆಟ್ಟ ಹತ್ತಿದಳು. ಓಡಿದಳು ಎಂದರೇ ಸರಿ. ಎದುರಿನಿಂದ ಮೊಲ, ಕಾಡುಹಂದಿ, ಕಡವೆ ಒಟ್ಟೊಟ್ಟಿಗೆ ಇಳಿದು ಬರುತ್ತಿದ್ದವು, ಒಂದಕ್ಕೊಂದು ಹೆದರದೆ.

ಮೇಲಿನಿಂದ ಧೂಮಾಂಗ ನೋಡಿದ. "ಯಾರದು, ನನ್ನ ಮೃಗದ ದಾರಿಗೆ ಅಡ್ಡ ಬರುತ್ತಿರುವವರು?"

"ನಾನು. ಗೆರೆಯವರ ಬೊಮ್ಮಿ!"

ಧೂಮಾಂಗ ಅಂಗಿಯಿಂದ ಒಂದು ಎಲೆ ಕಿತ್ತು ಊದಿದ. ಅದು ಹೊಗೆಯ ಕರಡಿಯಾಗಿ ದಾರಿಗೆ ಅಡ್ಡ ಬಂದು ಕೂತಿತು. ಬೆಟ್ಟದ ಒಂದು ಮಗ್ಗುಲಿನಷ್ಟು ದಪ್ಪ. ಅದರ ಉಸಿರು ಕುಡಿದವರು ಅಲ್ಲೇ ಬಿದ್ದು ನಿದ್ದೆ ಹೋಗಿ ಮತ್ತೆ ಏಳುತ್ತಿರಲಿಲ್ಲ. ಬೊಮ್ಮಿಗೆ ಮೂಗು ಉರಿಯಿತು, ಕಣ್ಣು ಕತ್ತಲಿಟ್ಟಿತು. ನಿಂತರೆ ಸತ್ತೆ ಎನಿಸಿತು. ಹೊಗೆ ಎಷ್ಟೇ ದಪ್ಪಗಿದ್ದರೂ ನೆಲದ ಮೇಲೆ ಒಂದು ಗೇಣು ಗಾಳಿ ಉಳಿದಿರುತ್ತದೆ ಎಂದು ಅಪ್ಪ ಹೇಳಿದ್ದ. ಅವಳು ಬೋರಲು ಬಿದ್ದು, ಮೂಗನ್ನು ಮಣ್ಣಿಗೆ ತಾಗಿಸಿ, ಹಲ್ಲಿಯ ಹಾಗೆ ಕರಡಿಯ ಹೊಟ್ಟೆಯಡಿಯಲ್ಲಿ ತೆವಳಿದಳು. ಕರಡಿ ಮುಂದೆ ನೋಡುತ್ತಲೇ ಇತ್ತು. ಅದಕ್ಕೆ ತನ್ನ ಹೊಟ್ಟೆಯ ಕೆಳಗೆ ಬಗ್ಗಿ ನೋಡಲು ಬರುತ್ತಿರಲಿಲ್ಲ, ಹೊಗೆಯಲ್ಲವೇ.

ಆಚೆ ಎದ್ದವಳು ಮೃಗದ ಮುಂದಕ್ಕೆ ಹೋಗಲಿಲ್ಲ. ಬಳಸಿಕೊಂಡು ಅದರ ಹಿಂಬದಿಗೆ, ಅದು ಮೇದು ಮುಗಿಸಿದ ಕಪ್ಪು ನೆಲಕ್ಕೆ ಹೋದಳು. ಉಂಡ ಜಾಗಕ್ಕೆ ಮೃಗ ಮತ್ತೆ ಬಾಯಿ ಹಾಕುವುದಿಲ್ಲ. ನೆಲ ಸುಡುತ್ತಿತ್ತು, ಅಂಗಾಲಿಗೆ ಬೊಬ್ಬೆ ಬಂತು. ಅಲ್ಲೊಂದು ಒಣಗಿದ ಆನೆಲದ್ದಿ ಒಳಗೊಳಗೇ ಹೊತ್ತಿ ಕೆಂಪಗಿತ್ತು. ಅದನ್ನೆತ್ತಿ ಕುಡಿಕೆಗೆ ಹಾಕಿ, ಬೂದಿ ಮುಚ್ಚಿ, ಬಂದ ದಾರಿಯಲ್ಲೇ ಬಳಸಿ, ಕರಡಿಯ ಹೊಟ್ಟೆಯಡಿಯಲ್ಲಿ ಮತ್ತೆ ನುಸುಳಿ, ಹಾರಿ ಹಾರಿ ಇಳಿದಳು.

ಹಾಡಿಯವರು ಅಷ್ಟರಲ್ಲಿ ಗೆರೆ ಕೆರೆದಿದ್ದರು. ಪೊರಕೆ, ಗುದ್ದಲಿ, ಕೈಬೆರಳು, ಯಾವುದು ಸಿಕ್ಕಿತೋ ಅದರಲ್ಲಿ. ಎರಡಾಳು ಅಗಲದ ಕೆಂಪು ಮಣ್ಣು ಬಂಡೆಯಿಂದ ತೊರೆಯ ತನಕ ಬಿದ್ದಿತ್ತು. ಕೆಳಗಿನ ಹಾಡಿಗಳಿಂದಲೂ ಜನ ಬಂದಿದ್ದರು. ಎಲ್ಲರ ಕೈಯಲ್ಲೂ ಬೆಂಕಿ ಬಡಿಯಲು ಹಸಿ ಸೊಪ್ಪಿನ ಕೊಂಬೆ.

ಮೃಗ ಆಗ ಅರ್ಧ ಬೆಟ್ಟ ಇಳಿದಿತ್ತು. ಮರಗಳಿಗಿಂತ ಎತ್ತರ. ಧೂಮಾಂಗ ಕೆಳಗೆ ನೋಡಿದ. "ಯಾರದು, ನನ್ನ ಮೃಗದ ದಾರಿಗೆ ಅಡ್ಡ ನಿಂತಿರುವವರು?"

"ನಾನು. ಗೆರೆಯವರ ಬೊಮ್ಮಿ!"

ಅವನು ಹಿಡಿ ತುಂಬ ಎಲೆ ಕಿತ್ತು ತೂರಿದ. ಅವು ನೂರಾರು ಕಿಡಿಹಕ್ಕಿಗಳಾಗಿ, ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೇಲಿಂದ ಮೇಲೇ ಹಾರಿ, ಹಾಡಿಯ ಹುಲ್ಲು ಮಾಡುಗಳ ಮೇಲೆ ಬಂದು ಕೂತವು. ಕೂತಲ್ಲಿ ಕೊಕ್ಕಿನಿಂದ ಕುಕ್ಕಿದರೆ ಹೊಗೆ. ಜನ ಅತ್ತ ಓಡಿದರು, ಇತ್ತ ಓಡಿದರು. ಒಂದನ್ನು ಬಡಿದರೆ ಹತ್ತು ಬಂದವು.

"ಬಡಿಬ್ಯಾಡಿ!" ಎಂದು ಬೊಮ್ಮಿ ಕಿರುಚಿದಳು. "ಹುಲ್ಲು ಕಿತ್ತಾಕಿ! ಕೂರಾಕೆ ಜಾಗ ಇರ್ಬಾರ್ದು!"

ಯಾರೂ ಅಲುಗಲಿಲ್ಲ. ಸ್ವಂತ ಮನೆಯ ಮಾಡು ಕೀಳುವುದೆಂದರೆ ಹುಡುಗಾಟವೇ? ಜಡೆಯನ ಮನೆಗೆ ಹೋದ ವಾರವಷ್ಟೇ ಹೊಸ ಹುಲ್ಲು ಹೊದಿಸಿದ್ದರು. ಅವನು ಒಂದು ಸಲ ಅದನ್ನು ನೋಡಿದ, ಒಂದು ಸಲ ಬೊಮ್ಮಿಯನ್ನು ನೋಡಿದ, ಆಮೇಲೆ ಬಾಯಿಗೆ ಬಂದಂತೆ ಬಯ್ಯುತ್ತ ಗೋಡೆ ಹತ್ತಿ ಕಟ್ಟು ಕಟ್ಟು ಹುಲ್ಲನ್ನೆತ್ತಿ ತೊರೆಗೆ ಎಸೆದ. ಅದನ್ನು ಕಂಡು ಉಳಿದವರೂ ಹತ್ತಿದರು. ಕೇತಿಯ ಮನೆಯ ಮಾಡೊಂದನ್ನು ಮಾತ್ರ ಬಿಟ್ಟು, ನೆನೆಸಿದ ಕಂಬಳಿಗಳನ್ನು ಅದರ ಮೇಲೆ ಹಾಸಿದರು. ನೋಡನೋಡುತ್ತಿದ್ದಂತೆ ಹಾಡಿ ಬೋಳಾಯಿತು. ಕೂರಲು ಜಾಗ ಸಿಗದ ಕಿಡಿಹಕ್ಕಿಗಳು ಸುತ್ತಿ ಸುತ್ತಿ ಸೋತು, ಬರಿ ಅಂಗಳಕ್ಕೆ ಇದ್ದಿಲಿನ ಚೂರುಗಳಾಗಿ ಉದುರಿದವು.

ಇನ್ನು ಉಳಿದದ್ದು ಎದುರುಬೆಂಕಿ ಹಚ್ಚುವುದು. ಹಚ್ಚುವುದೇನು ದೊಡ್ಡದು ಅಂದುಕೊಂಡಿರಾ? ಯಾವಾಗ ಹಚ್ಚಬೇಕು ಎನ್ನುವುದೇ ಗೆರೆಯವರ ಇಡೀ ವಿದ್ಯೆ. ಆಗ ಗಾಳಿ ಬೆಟ್ಟದಿಂದ ಹಾಡಿಯ ಕಡೆಗೆ ಬೀಸುತ್ತಿತ್ತು. ಆ ಗಾಳಿಯಲ್ಲಿ ಹಚ್ಚಿದರೆ, ಹಚ್ಚಿದ ಬೆಂಕಿಯೇ ಗೆರೆ ಹಾರಿ ಹಾಡಿಯನ್ನು ಸುಡುತ್ತದೆ. ಆದರೆ ದೊಡ್ಡ ಬೆಂಕಿಗೆ ಉಸಿರು ಬೇಕು. ಅದು ತೀರ ಹತ್ತಿರ ಬಂದಾಗ, ಒಂದು ಗಳಿಗೆ, ಸುತ್ತಲಿನ ಗಾಳಿಯನ್ನೆಲ್ಲ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಆಗ ನೆಲದ ಮೇಲಿನ ತರಗು ಹಾಡಿಯ ಕಡೆಯಿಂದ ಮೃಗದ ಕಡೆಗೆ ಓಡುತ್ತದೆ. ಆಗ ಹಚ್ಚಬೇಕು. ಮುಂಚೆ ಅಲ್ಲ, ತಡವೂ ಅಲ್ಲ.

ಬೊಮ್ಮಿ ಗೆರೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಉಳಿದವರು ಆನೆಲದ್ದಿಯ ಕೆಂಡವನ್ನು ಹಂಚಿಕೊಂಡು, ಹುಲ್ಲಿನ ಪಂಜಿನಂಥ ಸೂಡಿ ಹೊತ್ತಿಸಿ ಹಿಡಿದು, ಗೆರೆಯುದ್ದಕ್ಕೂ ಅವಳ ಮಾತಿಗೆ ಕಾದರು. ಅವಳು ತನ್ನ ಮುಂದಿದ್ದ ಒಂದೇ ಒಂದು ತೇಗದೆಲೆಯ ಮೇಲೆ ಕಣ್ಣಿಟ್ಟಳು. ಎಲೆ ಅವಳ ಕಡೆಗೇ ವಾಲುತ್ತಿತ್ತು.

"ಯಾರದು, ನನ್ನ ಮೃಗದ ದಾರಿಗೆ ಅಡ್ಡ ಕೂತಿರುವವರು?" ಎಂದು ಧೂಮಾಂಗ ಕೂಗಿದ.

ಈ ಸಲ ಅವಳು ಉತ್ತರ ಕೊಡಲಿಲ್ಲ. ಹುಟ್ಟಿದಾಗಿನಿಂದ ಒಂದು ಕಡೆ ಕೂರದವಳಿಗೆ ಅಷ್ಟು ಹೊತ್ತು ಕೂರುವುದು ಎಷ್ಟು ಕಷ್ಟ ಎಂದು ನಾನು ಹೇಗೆ ಹೇಳಲಿ! ಕೈ ತಾನಾಗಿ ಸೂಡಿಯನ್ನು ತರಗಿನ ಹತ್ತಿರಕ್ಕೆ ಒಯ್ಯುತ್ತಿತ್ತು, ಎಡಗೈ ಅದನ್ನು ಹಿಡಿದೆಳೆಯುತ್ತಿತ್ತು.

ಹಿಂದಿನಿಂದ ಕೇತಿಯ ದನಿ ಬಂತು. "ಬೊಮ್ಮೀ! ಕೂಸು ಕೆಮ್ಮತದೆ ಕಣೇ! ಹಚ್ಚೇ!"

ಬೊಮ್ಮಿ ಎಲೆಯಿಂದ ಕಣ್ಣು ಕೀಳಲಿಲ್ಲ. ಎಲೆ ಅವಳ ಕಡೆಗೇ ವಾಲುತ್ತಿತ್ತು. ಅವಳು ಹಚ್ಚಲಿಲ್ಲ.

"ಬೊಮ್ಮೀ! ಕೂಸಿಗೆ ಉಸುರು ಸಿಗ್ತಿಲ್ವಲ್ಲೇ! ಕೇಳಿಸ್ತದಾ ನಿಂಗೆ?"

ಮುಖ ಸುಡುತ್ತಿತ್ತು, ಹುಬ್ಬಿನ ಕೂದಲು ಮುರುಟಿತು. ಎಲೆ ನೆಟ್ಟಗೆ ನಿಂತಿತು, ಆದರೆ ತಿರುಗಲಿಲ್ಲ. ಅವಳು ಹಚ್ಚಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಅದು ಹೊಗೆಗೆ ಮಾತ್ರ ಅಲ್ಲ.

"ಸತ್ತೋಯ್ತು ಕಣೇ! ನಿನ್ನ ಕೈಯಾರೆ ಕೊಂದೆ ನನ್ನ ಕೂಸನ್ನ!"

ಬೊಮ್ಮಿ ತುಟಿ ಕಚ್ಚಿದಳು, ರಕ್ತ ಬಂತು. ಅವಳು ಹಿಂತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ತೇಗದೆಲೆ ಮಗುಚಿ, ಸರಸರನೆ ಮೃಗದ ಕಡೆಗೆ ಓಡಿತು.

"ಹಚ್ಚಿ!"

ಐವತ್ತು ಸೂಡಿಗಳು ಒಟ್ಟಿಗೇ ತರಗಿಗೆ ಇಳಿದವು. ಎದುರುಬೆಂಕಿ ಎದ್ದಿತು, ಗೆರೆಯ ಕಡೆ ತಿರುಗದೆ, ಮೃಗದ ಉಸಿರಿಗೆ ಸಿಕ್ಕಿ, ಬೆಟ್ಟ ಹತ್ತುತ್ತ ಓಡಿತು. ಎರಡು ಬೆಂಕಿ ಎದುರುಬದುರಾಗಿ ಕೂಡಿದವು. ಒಂದು ದೊಡ್ಡ ಸದ್ದು. ಆಮೇಲೆ ಅವೆರಡರ ಮಧ್ಯೆ ತಿನ್ನಲು ಒಂದು ಕಡ್ಡಿಯೂ ಉಳಿದಿರಲಿಲ್ಲ.

ಮೃಗ ನೆಲ ಮೂಸಿತು. ಎಡಕ್ಕೆ ಮೂಸಿತು, ಬಲಕ್ಕೆ ಮೂಸಿತು. ಮರಕ್ಕಿಂತ ಎತ್ತರವಿದ್ದದ್ದು ಆನೆಯಷ್ಟಾಯಿತು, ಆನೆಯಷ್ಟಿದ್ದದ್ದು ಕೋಣವಾಯಿತು, ಕೋಣವಾಗಿದ್ದದ್ದು ನಾಯಿಯಾಯಿತು. ಹಸಿವು ತಡೆಯದೆ ಕತ್ತು ತಿರುಗಿಸಿ ನೋಡಿದರೆ, ಬೆನ್ನ ಮೇಲೆ, ಕಿತ್ತು ಕಿತ್ತು ಮಂತ್ರ ತೆಳುವಾಗಿದ್ದ ಎಲೆಯ ಅಂಗಿ! "ಬೇಡ, ಬೇಡ, ನಾನು ನಿನ್ನ ಯಜಮಾನ!" ಎಂದು ಧೂಮಾಂಗ ಬೊಬ್ಬೆ ಹಾಕಿ ಹಾರಿಕೊಂಡ. ಅಂಗಿ ಎರಡೇ ತುತ್ತಿಗೆ ಮುಗಿಯಿತು. ಅದರೊಂದಿಗೆ ಅವನ ಮಂತ್ರವೆಲ್ಲ ಮುಗಿಯಿತು. ಬೆಟ್ಟದ ಮೇಲಿನ ಹೊಗೆಕರಡಿ ಚದುರಿಹೋಯಿತು. ಲಂಗೋಟಿಯಲ್ಲಿ ನಿಂತು ಕೆಮ್ಮುತ್ತಿದ್ದ ಒಬ್ಬ ಬಡಕಲು ಮುದುಕನನ್ನು ಜಡೆಯ ರಟ್ಟೆ ಹಿಡಿದು ಎಳೆತಂದ.

ಬೊಮ್ಮಿ ಅಕ್ಕನ ಮನೆಗೆ ಓಡಿದಳು. ಬಾಗಿಲಲ್ಲೇ ನಿಂತಳು. ಒಳಗಿನಿಂದ ಸಣ್ಣಗೆ ಕೂಸು ಅಳುವ ಸದ್ದು ಕೇಳಿದ ಮೇಲೆಯೇ ಹೊಸಿಲು ದಾಟಿದಳು.

"ಅಕ್ಕಾ, ನೀನು ನನ್ನ ಕೂಗಿದ್ಯಾ?"

"ಕೂಗ್ದೆ," ಎಂದಳು ಕೇತಿ. "ಎರಡು ಸಲ ನಾನೇ ಕೂಗ್ದೆ. ಮೂರನೇದು ನಾನಲ್ಲ, ಆ ಮಾಂತ್ರಿಕ ನನ್ ದನೀಲಿ ಕೂಗಿರ್ಬೇಕು."

ಬೊಮ್ಮಿ ಅಲ್ಲೇ ಕುಸಿದು, ಅಕ್ಕನ ಕಾಲು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಕೇತಿ ಅವಳ ಸುಟ್ಟ ಹುಬ್ಬನ್ನು ಸವರಿದಳು.

ಮಾರನೆಯ ಬೆಳಿಗ್ಗೆ ರಾಜ ಹರಿತಸೇನ ಬಂದ. ಉಪ್ಪರಿಗೆಯಿಂದ ಹೊಗೆ ಕಂಡು, ದಂಡು ಕಟ್ಟಿಕೊಂಡು, ಕೊಡಲಿ ಹಿಡಿದ ತಳವಾರನನ್ನೂ ಕರೆದುಕೊಂಡು ಬಂದಿದ್ದ. ಕಪ್ಪು ಬೆಟ್ಟ ಕಂಡು ಅವನ ಮುಖವೂ ಕಪ್ಪಾಯಿತು. "ಯಾರು ಹಚ್ಚಿದ್ದು?"

"ಸಿಡಿಲು ಹಚ್ತು ಬುದ್ಧಿ," ಎಂದ ಜಡೆಯ ಬೇಗನೆ. ಅದು ಸುಳ್ಳೂ ಅಲ್ಲ.

"ಮ್ಯಾಲಿಂದು ಸಿಡಿಲು," ಎಂದಳು ಬೊಮ್ಮಿ. "ಗೆರೆ ಮ್ಯಾಲಿಂದು ನಾನು. ಹಚ್ಚಿ ಅಂತ ಹೇಳ್ದವಳೂ ನಾನೇ." ಬಲಗೈ ಮುಂದೆ ಚಾಚಿದಳು. "ಕತ್ತರಿಸಿ ದೊರೆ. ಆದ್ರೆ ಈಗ್ಲೇ ಬ್ಯಾಡ. ಅತ್ಲಾಗೆ ನೋಡಿ."

ರಾಜ ನೋಡಿದ. ನಾಯಿಯಷ್ಟಾಗಿದ್ದ ಮೃಗ ಬಡಗಣ ಮಗ್ಗುಲಿಗೆ ಸರಿದು, ಅಲ್ಲಿನ ತರಗಿಗೆ ಬಾಯಿ ಹಾಕಿತ್ತು. ಸೈನಿಕರು ಈಟಿ ಎತ್ತಿ, ಕೊಂದುಬಿಡೋಣ ಎಂದರು.

"ಕೊಲ್ಬ್ಯಾಡಿ," ಎಂದಳು ಬೊಮ್ಮಿ. "ಇದನ್ನ ಕೊಂದ್ರೆ ಆ ಮೇವು ಹಂಗೇ ಉಳೀತದೆ, ಮುಂದಿನ್ ಸಲದ್ದು ಇದಕ್ಕಿಂತ ದೊಡ್ಡದಾಯ್ತದೆ. ಆ ಕಡೆ ಹಾಡಿ ಇಲ್ಲ, ಹೊಳೆ ಅದೆ. ನಿಧಾನಕ್ಕೆ ತಿನ್ನಲಿ. ಮಳೆ ಬರೋಗಂಟ ಯಾರಾದ್ರೂ ಅದರ ಪಕ್ಕ ನಡೀಬೇಕು ಅಷ್ಟೇ. ಅದಕ್ಕೆ ನಂಗೆ ಎರಡು ಕೈ ಬೇಕು."

ರಾಜನಿಗೆ ನಂಬಿಕೆ ಬರಲಿಲ್ಲ. ನಂಬದಿರಲು ಧೈರ್ಯವೂ ಬರಲಿಲ್ಲ. "ಸರಿ, ಮಳೆ ಬರುವ ತನಕ. ನೀನು ಓಡಿಹೋಗದ ಹಾಗೆ ನಾನೇ ಜೊತೆಗಿರುತ್ತೇನೆ. ತಳವಾರನೂ ಇರುತ್ತಾನೆ."

ಹತ್ತೊಂಬತ್ತು ದಿನ ಅವರು ಮೃಗದ ಪಕ್ಕ ನಡೆದರು. ಅದು ಹಿಗ್ಗಿದಲ್ಲಿ ಬೊಮ್ಮಿ ಮುಂದೆ ಓಡಿ ತರಗು ಸುಟ್ಟು ಕುಗ್ಗಿಸಿದಳು. ಹಳೆಯ ಮರಗಳ ಬುಡ ಕೆರೆಸಿ ಕಾಪಾಡಿದಳು. ಕೆರೆಯುವ ಕೆಲಸಕ್ಕೆ ಧೂಮಾಂಗನಿಗೇ ಒಂದು ಗುದ್ದಲಿ ಕೊಟ್ಟಿದ್ದರು. ಮೊದಲ ದಿನ ಪಲ್ಲಕ್ಕಿಯಲ್ಲಿ ಬಂದ ರಾಜ ಮೂರನೆಯ ದಿನ ಬರಿಗಾಲಲ್ಲಿ ನಡೆದ. ಎಂಟನೆಯ ದಿನ ಹಸಿ ಸೊಪ್ಪಿನ ಕೊಂಬೆ ಹಿಡಿದ. ದಿನವೂ ಬೆಳಿಗ್ಗೆ ಎದ್ದಕೂಡಲೇ ಬೊಮ್ಮಿ ಮೊದಲು ಗಾಳಿ ನೋಡುತ್ತಿದ್ದಳು, ಆಮೇಲೆ ತಳವಾರನ ಕೊಡಲಿ ನೋಡುತ್ತಿದ್ದಳು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ಹೊರಳಿತು. ಮೃಗ ಮತ್ತೆ ಕೋಣದಷ್ಟಾಗಿ, ಹೊಳೆ ಬಿಟ್ಟು ಕೆಳಗಿನ ಹಾಡಿಗಳ ಕಡೆ ಮುಖ ಮಾಡಿತು. ಬೊಮ್ಮಿ ಗೆರೆಯ ಆ ತುದಿಯಲ್ಲಿದ್ದಳು. ಈ ತುದಿಯಲ್ಲಿ ರಾಜನೊಬ್ಬನೇ, ಅವನ ಕೈಯಲ್ಲಿ ಸೂಡಿ. ಅವನು ಕಂಗಾಲಾಗಿ ಅವಳ ಕಡೆ ನೋಡಿದ.

"ಎಲೆ ನೋಡಿ ದೊರೆ, ಎಲೆ!" ಎಂದು ಅವಳು ದೂರದಿಂದ ಕೂಗಿದಳು.

ರಾಜ ಕುಕ್ಕರುಗಾಲಲ್ಲಿ ಕೂತ. ಕಿರೀಟ ಜಾರಿ ಬೂದಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಎಲೆ ಅವನ ಕಡೆಗೆ ವಾಲಿತು, ನೆಟ್ಟಗಾಯಿತು, ಮಗುಚಿ ಓಡಿತು. ರಾಜ ಹಚ್ಚಿದ.

ಎದುರುಬೆಂಕಿ ಸರಿಯಾಗಿ ಎದ್ದು ಸರಿಯಾದ ದಿಕ್ಕಿಗೆ ಓಡಿತು. ಮೃಗ ಸೊರಗಿ ಸೊರಗಿ ಬೆಕ್ಕಿನಷ್ಟಾಗಿ, ಹೊಳೆಯ ದಂಡೆಯಲ್ಲಿ ಮುದುಡಿ ಮಲಗಿತು. ಆ ಸಂಜೆಯೇ ಮಳೆ ಬಂತು. ದಪ್ಪ ದಪ್ಪ ಹನಿ, ಬಿಸಿ ಬೂದಿಯ ಮೇಲೆ ಚುಂಯ್ ಎನ್ನುತ್ತ. ಹಾಡಿಯವರು, ಸೈನಿಕರು ಎಲ್ಲರೂ ಮಳೆಯಲ್ಲೇ ನಿಂತು ಕೇಕೆ ಹಾಕಿದರು.

ಬೊಮ್ಮಿ ಮಾತ್ರ ಕೇಕೆ ಹಾಕಲಿಲ್ಲ. ಒದ್ದೆ ಬಂಡೆಯೊಂದರ ಮುಂದೆ ಮಂಡಿಯೂರಿ ಬಲಗೈಯನ್ನು ಅದರ ಮೇಲಿಟ್ಟಳು. ಕೇಕೆ ನಿಂತಿತು. "ಮಳೆ ಬಂತು ದೊರೆ," ಎಂದಳು.

ಆಡಿದ ಆಜ್ಞೆ, ಹನ್ನೆರಡು ವರ್ಷ ನಡೆದ ಆಜ್ಞೆ, ಹೇಗೆ ನುಂಗುವುದೆಂದು ರಾಜನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ತಳವಾರ ಮುಂದೆ ಬಂದ. ಹತ್ತೊಂಬತ್ತು ದಿನದಲ್ಲಿ ಒಂದು ಮಾತೂ ಆಡಿರದ ಮನುಷ್ಯ. ಬೊಮ್ಮಿಯ ಮಸಿ ಹತ್ತಿದ ಕೈ ನೋಡಿದ. ರಾಜನ ಮಸಿ ಹತ್ತಿದ ಕೈ ನೋಡಿದ. ಆಮೇಲೆ ತುಂಬ ವಿನಯದಿಂದ ಕೇಳಿದ:

"ಮಹಾಪ್ರಭು, ಯಾರದು ಮೊದಲು?"

ರಾಜ ತನ್ನ ಬಲಗೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಐದು ಬೆರಳು, ಹೆಬ್ಬೆರಳಿನ ಮೇಲೊಂದು ಸುಟ್ಟ ಬೊಬ್ಬೆ. ಅದನ್ನು ಕಳೆದುಕೊಳ್ಳುವುದೆಂದರೆ ಏನೆಂದು ಮೊದಲ ಸಲ ಹೊಳೆದು ಅವನಿಗೆ ಹೆದರಿಕೆಯಾಯಿತು. ಎಷ್ಟು ಮನೆಗಳಲ್ಲಿ ಎಷ್ಟು ಕೈಗಳು ಈ ಹೆದರಿಕೆ ಉಂಡಿದ್ದವೋ ಎಂದು ನೆನೆದು ನಾಚಿಕೆಯೂ ಆಯಿತು. ಅವನು ಹೋಗಿ ಬೊಮ್ಮಿಯ ಕೈಯನ್ನು ಬಂಡೆಯ ಮೇಲಿಂದ ಎತ್ತಿದ.

"ಕೊಡಲಿ ಕೆಳಗಿಡು," ಎಂದ ತಳವಾರನಿಗೆ. "ನಾಳೆಯಿಂದ ಅದರಲ್ಲಿ ಹಸಿ ಸೊಪ್ಪು ಕಡಿ." ಆಮೇಲೆ ದಂಡಿನವರ ಕಡೆ ತಿರುಗಿದ. "ಅರಮನೆಯಲ್ಲಿರುವ ಚಕಮಕಿ ಕಲ್ಲುಗಳನ್ನು ಹೊತ್ತು ತಂದು ಮನೆಮನೆಗೆ ಕೊಡಿ."

ಸೈನಿಕರು, ಹಾಡಿಯವರು ಸೇರಿ ಮೂರೇ ದಿನಕ್ಕೆ ಮಾಡುಗಳಿಗೆ ಹುಲ್ಲು ಹೊದಿಸಿದರು. ಜಡೆಯನ ಮನೆಗೆ ರಾಜನೇ ಮೇಲೆ ಹತ್ತಿ ಕಟ್ಟು ಕಟ್ಟಿದ, ವಕ್ರವಾಗಿಯೇ ಕಟ್ಟಿದನೆನ್ನಿ. ಕೇತಿ ಚೇತರಿಸಿಕೊಂಡಳು, ಕೂಸು ದುಂಡಗಾಯಿತು. ಅಂದಿನಿಂದ ಮುಗಿಲಗಿರಿಯಲ್ಲಿ ಇಬ್ಬನಿ ಬೀಳುವ ದಿನಗಳಲ್ಲಿ ಬೊಮ್ಮಿ ಬೆಂಕಿ ಹಚ್ಚಿ ಗೆರೆ ಎಳೆದಳು, ಅವಳಿಂದ ಕಲಿತವರು ಬೆಟ್ಟ ಬೆಟ್ಟದಲ್ಲೂ ಎಳೆದರು. ಸಿಡಿಲಮರಿಗಳು ಬಂದವು, ಮೇದವು, ಮಲಗಿದವು. ಆ ಹಾಡಿಗಳ ಜನ ಉಂಡುಟ್ಟು ನಗುನಗುತ್ತ ಬಾಳಿದರು. ಅವರು ಸುಖವಾಗಿದ್ದಾರೆಂದು ತಿಳಿದ ಮೇಲೆ ಕತೆ ಹೇಳಿದ ನನಗೂ ಈಗ ಕಾಲು ಚಾಚಿ ಕೂರಬಹುದು ಎನಿಸುತ್ತಿದೆ.